ಕಡಲಾಳದ ಬಿಸಿನೀರಿನ ಬುಗ್ಗೆಗಳು

ಪಂಚನಹಳ್ಳಿಯ ತೆಂಗಿನ ತೋಟಗಳ ನಡುವೆ ನಿಂತು ಕಡಲಿನ ಮಾತೆತ್ತುವುದು ವಿಚಿತ್ರವಾಗಿ ತೋರಬಹುದು. ಆದರೆ ಅಲ್ಲಿಂದ ಪಶ್ಚಿಮಕ್ಕೆ ಹಬ್ಬಿರುವ ಬಾಬಾಬುಡನ್ ಬೆಟ್ಟಗಳ ಕಬ್ಬಿಣದ ಅದಿರು, ಕೆಮ್ಮಣ್ಣುಗುಂಡಿಯಿಂದ ಹಿಂದೆ ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿದ್ದ ಅದಿರು, 250 ಕೋಟಿ ವರ್ಷಗಳಿಗೂ ಮೊದಲು ಸಮುದ್ರತಳದಲ್ಲಿ ಪದರಪದರವಾಗಿ ಕುಳಿತ ಗಸಿಯೇ ಆಗಿದೆ. ಆ ಕಬ್ಬಿಣದ ಬಹುಭಾಗ ನೀರಿಗೆ ಬಂದುದು ಕಡಲಾಳದ ಬಿಸಿನೀರಿನ ಬುಗ್ಗೆಗಳಿಂದ ಎಂಬುದು ಭೂವಿಜ್ಞಾನಿಗಳ ಮತ.

ಇಂಥ ಬುಗ್ಗೆಗಳ ಬದಿಯ ಜೀವಲೋಕವನ್ನು ಮನುಷ್ಯನು ಕಣ್ಣಾರೆ ಕಂಡುದು 1977ರಲ್ಲಿ. ಗೆಲಾಪಗಾಸ್ ದ್ವೀಪಗಳ ಬಳಿ ‘ಆಲ್ವಿನ್’ ಎಂಬ ನೌಕೆಯು ಸುಮಾರು 2500 ಮೀಟರ್ ಆಳಕ್ಕೆ ಇಳಿದಾಗ, ಆ ಕಗ್ಗತ್ತಲಿನಲ್ಲಿ ಚಿಪ್ಪುಜೀವಿಗಳೂ ಕೊಳವೆಹುಳುಗಳೂ ಗುಂಪುಗೂಡಿ ಬಾಳುತ್ತಿದ್ದುವು. ಅವಕ್ಕೆ ಆಹಾರವನ್ನು ಒದಗಿಸುವುವು, ಬುಗ್ಗೆಯ ಹೈಡ್ರೊಜನ್ ಸಲ್ಫೈಡಿನಿಂದ ಶಕ್ತಿ ಪಡೆಯುವ ಬ್ಯಾಕ್ಟೀರಿಯಗಳು. (ಇದಕ್ಕೆ ಬೇಕಾದ ಆಮ್ಲಜನಕ ಮಾತ್ರ ಮೇಲಿನ ಹಸಿರು ಜೀವಿಗಳದೇ, ಸೂರ್ಯನ ಋಣ ಪೂರ್ತಿ ತೀರಿದಂತಲ್ಲ.) 1979ರಲ್ಲಿ 350 ಡಿಗ್ರಿ ಸೆಂಟಿಗ್ರೇಡಿನ, ಕರಿಹೊಗೆಯಂತೆ ಚಿಮ್ಮುವ ಬುಗ್ಗೆಗಳೂ ಪೂರ್ವ ಪೆಸಿಫಿಕ್ಕಿನಲ್ಲಿ ದೊರೆತುವು.

ಅಷ್ಟು ಬಿಸಿ ನೀರು ಕುದಿಯದಿರುವುದು ಹೇಗೆಂದು ನಮ್ಮ ತರಗತಿಯಲ್ಲಿ ಯಾರಾದರೂ ಕೇಳದೆ ಬಿಡುವುದಿಲ್ಲ. ಪ್ರತಿ ಹತ್ತು ಮೀಟರಿಗೆ ಸುಮಾರು ಒಂದು ವಾಯುಭಾರದಂತೆ ಒತ್ತಡ ಏರುವುದರಿಂದ, ಅಲ್ಲಿ 250 ವಾಯುಭಾರಗಳ ಒತ್ತಡವಿದೆ. ನೀರು ಆವಿಯಾಗಲು ಎಡೆಯೆಲ್ಲಿ?

ಆದರೆ ಅಂಥ ಬಿಸಿಯಲ್ಲಿ ಜೀವದ ನಾಜೂಕಾದ ಅಣುಗಳು ಬಹುಕಾಲ ಉಳಿಯಲಾರವು. ಜೀವೋತ್ಪತ್ತಿಯ ಪ್ರಶ್ನೆಗೆ ಹೆಚ್ಚು ಒಪ್ಪುವುದು 2000ದಲ್ಲಿ ಅಟ್ಲಾಂಟಿಕ್ಕಿನಲ್ಲಿ ದೊರೆತ ‘ಲಾಸ್ಟ್ ಸಿಟಿ’ಯ ಬುಗ್ಗೆಗಳು. ಅಲ್ಲಿನ ನೀರು 40ರಿಂದ 90 ಡಿಗ್ರಿ ಬಿಸಿ, ಕ್ಷಾರಗುಣದ್ದು. ಆಲಿವೀನ್ ಎಂಬ ಖನಿಜವು ನೀರಿನೊಡನೆ ವರ್ತಿಸಿ ಸರ್ಪೆಂಟೀನಾಗುವಾಗ ಜಲಜನಕ ಬಿಡುಗಡೆಯಾಗುತ್ತದೆ. ಈ ಜಲಜನಕ ಇಂಗಾಲದ ಡೈಆಕ್ಸೈಡಿನೊಡನೆ ಕೂಡಿದರೆ ಸರಳ ಇಂಗಾಲ ಸಂಯುಕ್ತಗಳು ಹುಟ್ಟಬಹುದು.

ಭೌತಶಾಸ್ತ್ರದವರಾದ ನಮಗೆ ಇನ್ನೊಂದು ಸಂಗತಿ ಹೆಚ್ಚು ರುಚಿಸುತ್ತದೆ. ಆದಿಕಾಲದ ಕಡಲು ಇಂಗಾಲದ ಡೈಆಕ್ಸೈಡಿನಿಂದ ಕೊಂಚ ಆಮ್ಲೀಯವಾಗಿತ್ತೆಂದು ಊಹೆ. ಬುಗ್ಗೆಯ ನೀರು ಕ್ಷಾರ. ನಡುವೆ ಕಬ್ಬಿಣ-ಗಂಧಕದ ತೆಳುಗೋಡೆ. ಪಿ.ಎಚ್. ಒಂದಂಕಿ ಬೇರೆಯಾದರೆ ಸುಮಾರು 60 ಮಿಲಿವೋಲ್ಟ್ ಆಗುತ್ತದೆ, ಮೂರಂಕಿಗೆ 180. ನಮ್ಮ ಜೀವಕೋಶಗಳು ಶಕ್ತಿಗಾಗಿ ತಮ್ಮ ಪೊರೆಗಳಲ್ಲಿ ಕಾಯ್ದುಕೊಳ್ಳುವುದೂ ಹೆಚ್ಚುಕಡಮೆ ಅಷ್ಟೇ! ಪ್ರೋಟಾನುಗಳ ಹರಿವಿನ ದಿಕ್ಕೂ ಒಂದೇ: ಹೊರಗಿನಿಂದ ಒಳಕ್ಕೆ. ಕಲ್ಲು ಪುಕ್ಕಟೆಯಾಗಿ ಕೊಟ್ಟ ಈ ವಿಭವಾಂತರವನ್ನೇ ಜೀವವು ತರುವಾಯ ತಾನೇ ಉಂಟುಮಾಡಿಕೊಳ್ಳಲು ಕಲಿಯಿತೆಂದು ಮೈಕೆಲ್ ರಸೆಲ್ ಮೊದಲಾದವರು ವಾದಿಸಿದ್ದಾರೆ.

ಇದಕ್ಕೆ ವಿರೋಧವೂ ಬಲವಾಗಿಯೇ ಇದೆ. ಅಣುಗಳು ಸರಪಳಿಯಾಗಿ ಬೆಸೆಯಬೇಕಾದರೆ ನೀರು ಹೊರಬೀಳಬೇಕು. ಸುತ್ತಲೂ ನೀರೇ ಇದ್ದರೆ ಬೆಸುಗೆ ಕಳಚುತ್ತದೆ. ಆದುದರಿಂದ ಒಣಗುತ್ತ ತುಂಬುತ್ತ ಇದ್ದ ನೆಲದ ಮೇಲಣ ಬಿಸಿಕೊಳಗಳೇ ಜೀವದ ತವರೆಂದು ಮತ್ತೊಂದು ಪಕ್ಷ. ಈ ಆಕ್ಷೇಪಣೆಗೆ ಸಮರ್ಪಕವಾದ ಉತ್ತರ ಬುಗ್ಗೆಯ ಪಕ್ಷದವರಿಂದ ಇನ್ನೂ ಬಂದಿಲ್ಲವೆಂದೇ ನಮ್ಮ ಅಭಿಪ್ರಾಯ.

ನಮ್ಮ ಕಲ್ಲುಗಳು ಇಲ್ಲಿ ಸಾಕ್ಷಿ ನುಡಿಯಲಾರವು. ಪಂಚನಹಳ್ಳಿಗೆ ದಕ್ಷಿಣದಲ್ಲಿ, ಹಾಸನ ಜಿಲ್ಲೆಯ ಬೈರಾಪುರದ ಕ್ರೋಮೈಟ್ ಗಣಿಯ ಸುತ್ತ ಸರ್ಪೆಂಟೀನ್ ಕಲ್ಲು ಧಾರಾಳವಾಗಿದೆ. ಆ ಶಿಲಾಶ್ರೇಣಿಯ ವಯಸ್ಸು ಸುಮಾರು 310 ಕೋಟಿ ವರ್ಷ. ಆಸ್ಟ್ರೇಲಿಯದಲ್ಲಿಯೋ, 340 ಕೋಟಿ ವರ್ಷಗಳಿಗೂ ಹಳೆಯ ಜೀವಿಗಳ ಗುರುತುಗಳು ಸಿಕ್ಕಿವೆ. ಆದರೂ ರಜೆಯಲ್ಲಿ ಅತ್ತ ಹೋದವರು ಆ ಹಸಿರುಗಪ್ಪಿನ ಕಲ್ಲಿನ ಚೂರೊಂದನ್ನು ಚಾಕುವಿನ ಮೊನೆಯಿಂದ ಗೀರಿ ನೋಡಲಿ. ಕಲ್ಲೊಳಕ್ಕೆ ನೀರು ಸೇರಿದುದರಿಂದ ಬಂದ ಮೆದುತನ ಕೈಗೇ ತಿಳಿದೀತು.