ಹೊಗೆಯ ವಯಸ್ಸು ಮತ್ತು ಗೋದಾಮಿನ ಸುರಕ್ಷತೆ

ಗೋದಾಮಿಗೆ ಹೊಗೆ ಶೋಧಕಗಳನ್ನು ಖರೀದಿಸುವಾಗ ನಮ್ಮ ವರ್ತಕ ಬಂಧುಗಳಲ್ಲಿ ಅನೇಕರು ದರಪಟ್ಟಿಗಳನ್ನು ಮಾತ್ರ ಹೋಲಿಸುತ್ತಾರೆ. ಶೋಧಕವು ಯಾವ ಬಗೆಯ ಹೊಗೆಯನ್ನು ಗುರುತಿಸಬಲ್ಲದು ಎಂದು ವಿಚಾರಿಸುವವರು ವಿರಳ. ಹೊಗೆಗೂ ವಯಸ್ಸುಂಟು, ವಯಸ್ಸಾದಂತೆ ಅದರ ಕಣಗಳ ಗಾತ್ರ ಬದಲಾಗುತ್ತದೆ.

ಹೊಗೆಯ ಕಣಗಳು ಗಾಳಿಯಲ್ಲಿ ಸದಾ ಚಲಿಸುತ್ತ, ಒಂದಕ್ಕೊಂದು ತಾಗಿ ಅಂಟಿಕೊಳ್ಳುತ್ತವೆ. ಚಿಲ್ಲರೆ ಕೊಟ್ಟು ನೋಟು ಪಡೆದಂತೆ, ಮೊತ್ತ ಅಷ್ಟೇ ಉಳಿದು ಎಣಿಕೆ ಮಾತ್ರ ಇಳಿಯುತ್ತದೆ. ಈ ಕ್ರಿಯೆಯ ಗಣಿತವನ್ನು ಪೋಲೆಂಡಿನ ವಿಜ್ಞಾನಿ ಸ್ಮೊಲುಖೊವ್‌ಸ್ಕಿ 1916ರಲ್ಲಿ ಪ್ರತಿಪಾದಿಸಿದರು. ಒಂದು ಘನ ಸೆಂಟಿಮೀಟರಿನಲ್ಲಿ 10 ಕೋಟಿ ಕಣಗಳಿದ್ದರೆ ಸುಮಾರು 20 ಸೆಕೆಂಡುಗಳಲ್ಲಿ ಅವು ಅರ್ಧಕ್ಕಿಳಿಯುತ್ತವೆ. 10 ಲಕ್ಷವಿದ್ದರೆ ಅರ್ಧ ಗಂಟೆಗೂ ಮಿಗಿಲಾದ ಅವಧಿ ಬೇಕು. ಸಂಖ್ಯೆ ಎಂಟನೆಯ ಒಂದು ಭಾಗಕ್ಕೆ ಇಳಿದಾಗ ಸರಾಸರಿ ವ್ಯಾಸ ಸುಮಾರು ಇಮ್ಮಡಿಯಾಗುತ್ತದೆ.

ಪ್ರಯೋಗಾಲಯಗಳಲ್ಲಿ ಕಣಗಳಿಗೆ ವಿದ್ಯುದಂಶ ನೀಡಿ, ವಿದ್ಯುತ್ ಕ್ಷೇತ್ರದಲ್ಲಿ ಗಾತ್ರಾನುಸಾರ ಬೇರ್ಪಡಿಸಿ, ಅವುಗಳ ಮೇಲೆ ಬ್ಯುಟನಾಲ್ ಆವಿಯನ್ನು ಸಾಂದ್ರಗೊಳಿಸಿ ಎಣಿಸುತ್ತಾರೆ. ಕೆಲವು ನಿಮಿಷಗಳಿಗೊಮ್ಮೆ ಹೀಗೆ ಎಣಿಸಿದಾಗ ಹೊಗೆಯ ಬದಲಾವಣೆಯ ಪೂರ್ಣ ಲೆಕ್ಕ ದೊರೆಯುತ್ತದೆ. ತೂಕವನ್ನಷ್ಟೇ ಅಳೆದರೆ ಅದು ಗೋಚರಿಸದು.

ವ್ಯಾಪಾರಕ್ಕೆ ಇದರ ಪ್ರಸ್ತುತತೆ ಇಲ್ಲಿದೆ. ಅಮೆರಿಸಿಯಂ-241 ಬಳಸುವ ಅಯಾನೀಕರಣ ಶೋಧಕವು ಜ್ವಾಲೆಯಿಂದ ಹೊಮ್ಮುವ ಅಸಂಖ್ಯ ಸೂಕ್ಷ್ಮ ಕಣಗಳಿಗೆ ಬೇಗ ಸ್ಪಂದಿಸುತ್ತದೆ. ಕಣಗಳು ಚದುರಿಸುವ ಬೆಳಕನ್ನು ಗ್ರಹಿಸುವ ದ್ಯುತಿ ಶೋಧಕವು ದೊಡ್ಡ ಕಣಗಳನ್ನು ಚೆನ್ನಾಗಿ ಗುರುತಿಸುತ್ತದೆ. ಹತ್ತಿ, ಗೋಣಿಚೀಲ, ಕಾಗದಗಳ ದಾಸ್ತಾನು ಜ್ವಾಲೆಯಿಲ್ಲದೆ ಬಹಳ ಹೊತ್ತು ಒಳಗೊಳಗೇ ಹೊಗೆಯಾಡಬಲ್ಲದು. ಅದರ ಕಣಗಳು ಮೊದಲೇ ದೊಡ್ಡವು. ಎತ್ತರದ ಛಾವಣಿಯನ್ನು ತಲುಪುವಷ್ಟರಲ್ಲಿ ಇನ್ನೂ ದೊಡ್ಡದಾಗುತ್ತವೆ. ಅಲ್ಲಿ ಅಯಾನೀಕರಣ ಶೋಧಕವೊಂದನ್ನೇ ನಂಬಿದರೆ ಎಚ್ಚರಿಕೆ ತಡವಾಗಬಹುದು.

ಆದುದರಿಂದ ಸದಸ್ಯರು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಒಳಿತು:

1. ದಾಸ್ತಾನು ಬೇಗನೆ ಹೊತ್ತಿ ಉರಿಯುವುದೋ, ನಿಧಾನವಾಗಿ ಹೊಗೆಯಾಡುವುದೋ ಎಂಬುದನ್ನು ವಿಂಗಡಿಸಿ, ಶೋಧಕದ ಮಾದರಿಯನ್ನು ಖರೀದಿ ಆದೇಶದಲ್ಲೇ ನಮೂದಿಸಿರಿ.

2. ಛಾವಣಿಯ ಎತ್ತರವನ್ನು ತಜ್ಞರಿಗೆ ತಿಳಿಸಿರಿ. ತಣಿದ ಹೊಗೆ ಛಾವಣಿಯ ಕೆಳಗೇ ನಿಂತುಬಿಡಬಹುದು.

3. ಆಯ್ಕೆ, ಅಳವಡಿಕೆ ಹಾಗೂ ನಿರ್ವಹಣೆಗಳು ಭಾರತೀಯ ಮಾನಕ ಐ.ಎಸ್. 2189ಕ್ಕೆ ಅನುಗುಣವಾಗಿರಲಿ, ಪರೀಕ್ಷೆಯ ದಾಖಲೆ ಲಿಖಿತವಾಗಿರಲಿ.

ವಿಮೆಯು ಸರಕಿನ ಮೌಲ್ಯವನ್ನು ತುಂಬಿಕೊಡಬಹುದು. ಆದರೆ ಪೂರೈಕೆ ನಿಂತಾಗ ಕೈತಪ್ಪಿದ ಗಿರಾಕಿ ಹಾಗೂ ಬೆಂಕಿಗೆ ಸಿಲುಕಿದ ಕಾರ್ಮಿಕನ ಜೀವ ಯಾವ ಆಸ್ತಿಪಟ್ಟಿಯಲ್ಲೂ ಮರಳಿ ಜಮೆಯಾಗುವುದಿಲ್ಲ.