ಹಳಿ ಕೂಡಿದರೂ ಕೂಡದ ಸಿಗ್ನಲ್: ಯೂರೋಪಿನ ದುಬಾರಿ ರೈಲು ಸುಧಾರಣೆ

ಗ್ರೀಸ್ ದೇಶದ ಟೆಂಪಿ ಬಳಿ 2023ರ ಫೆಬ್ರುವರಿ 28ರ ರಾತ್ರಿ ಒಂದೇ ಹಳಿಯಲ್ಲಿ ಎದುರುಬದುರಾದ ಪ್ರಯಾಣಿಕರ ರೈಲು ಮತ್ತು ಸರಕು ರೈಲು ಡಿಕ್ಕಿಯಾಗಿ 57 ಮಂದಿ ಮೃತಪಟ್ಟರು. ಆ ಮಾರ್ಗದ ಸಿಗ್ನಲ್ ಹಾಗೂ ದೂರನಿಯಂತ್ರಣ ವ್ಯವಸ್ಥೆಯನ್ನು ಸುಸ್ಥಿತಿಗೆ ತರುವ ಗುತ್ತಿಗೆಗೆ 2014ರಲ್ಲೇ ಸಹಿ ಬಿದ್ದಿತ್ತು. ಐರೋಪ್ಯ ಒಕ್ಕೂಟದ ನೆರವೂ ಇತ್ತು. ಆದರೆ ಕಾಮಗಾರಿ ಮಾತ್ರ ಮುಗಿದಿರಲಿಲ್ಲ.

ಗ್ರೀಸ್‌ನದು ವಿಳಂಬದ ಅತಿ ಕೆಟ್ಟ ನಿದರ್ಶನವಾದರೂ ಏಕಾಂಗಿ ನಿದರ್ಶನವಲ್ಲ.

ಯೂರೋಪಿನ ದೇಶಗಳು ತಂತಮ್ಮ ರೈಲು ಸುರಕ್ಷತಾ ವ್ಯವಸ್ಥೆಯನ್ನು ಪ್ರತ್ಯೇಕವಾಗಿಯೇ ರೂಪಿಸಿಕೊಂಡವು. ಇಂತಹ ವ್ಯವಸ್ಥೆಗಳ ಸಂಖ್ಯೆ 20ಕ್ಕೂ ಹೆಚ್ಚು. ಪ್ಯಾರಿಸ್, ಬ್ರಸೆಲ್ಸ್, ಕಲೋನ್, ಆಮ್‌ಸ್ಟರ್‌ಡ್ಯಾಮ್ ನಡುವೆ ಸಂಚರಿಸುತ್ತಿದ್ದ ಥಾಲಿಸ್ ರೈಲು ಏಳು ಬಗೆಯ ಉಪಕರಣಗಳನ್ನು ಹೊತ್ತು ಓಡಬೇಕಾಗಿತ್ತು.

ಇವೆಲ್ಲಕ್ಕೂ ಬದಲಾಗಿ ರೂಪುಗೊಂಡದ್ದೇ 'ಇಟಿಸಿಎಸ್' ಎಂಬ ಏಕರೂಪದ ವ್ಯವಸ್ಥೆ. ಹಳಿಗಳ ನಡುವೆ ಅಳವಡಿಸಿದ ಉಪಕರಣಗಳಿಂದ ರೈಲು ತಾನಿರುವ ಸ್ಥಳವನ್ನು ಅರಿಯುತ್ತದೆ. ಎಷ್ಟು ದೂರ, ಎಷ್ಟು ವೇಗದಲ್ಲಿ ಸಾಗಬಹುದೆಂಬ ಅನುಮತಿ ಇದರ ಎರಡನೆಯ ಹಂತದಲ್ಲಿ ರೇಡಿಯೊ ಮೂಲಕ ಚಾಲಕನ ಮುಂದಿನ ಪರದೆಗೇ ಬರುತ್ತದೆ. ಚಾಲಕ ಮೀರಿದರೆ ಬ್ರೇಕ್ ತಾನಾಗಿ ಬೀಳುತ್ತದೆ.

ಅಡ್ಡಿಯಿರುವುದು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಹಣದಲ್ಲಿ. ಪ್ರಮುಖ ಕಾರಿಡಾರ್‌ಗಳಿಗೆ 8,000 ಕೋಟಿ ಯೂರೋ, 2050ರ ವೇಳೆಗೆ ವಿಸ್ತೃತ ಜಾಲವನ್ನೂ ಸೇರಿಸಿದರೆ 19,000 ಕೋಟಿ ಯೂರೋವರೆಗೆ ವೆಚ್ಚವಾಗಬಹುದೆಂದು ಒಕ್ಕೂಟದ ಲೆಕ್ಕಪರಿಶೋಧನಾ ಸಂಸ್ಥೆ 2017ರ ವರದಿಯಲ್ಲಿ ಅಂದಾಜಿಸಿತ್ತು. 2016ರ ಅಂತ್ಯಕ್ಕೆ ಈ ಕಾರಿಡಾರ್‌ಗಳ ಶೇ 8ರಷ್ಟು ಭಾಗದಲ್ಲಿ ಮಾತ್ರ ವ್ಯವಸ್ಥೆ ಜಾರಿಯಲ್ಲಿತ್ತು. ಒಕ್ಕೂಟದ ಬಜೆಟ್ ಭರಿಸುವುದು ಇದರ ಅಲ್ಪಾಂಶವನ್ನಷ್ಟೇ.

ಉಳಿದುದನ್ನು ಯಾರು ಕೊಡಬೇಕು? ಹಳಿಯ ಮಗ್ಗುಲಿನ ಖರ್ಚು ಮಾರ್ಗದ ಒಡೆತನ ಹೊಂದಿರುವ ಸಂಸ್ಥೆಯದು, ಎಂಜಿನ್ನಿನ ಖರ್ಚು ರೈಲು ಓಡಿಸುವ ಕಂಪೆನಿಯದು. ಹಳಿ ಸಿದ್ಧವಾಗದೆ ಎಂಜಿನ್ನಿಗೆ ಹಣ ಸುರಿಯಲು ಕಂಪೆನಿಗೆ ಮನಸ್ಸಿಲ್ಲ. ಸಜ್ಜಾದ ಎಂಜಿನ್ನುಗಳಿಲ್ಲದೆ ಹಳೆಯ ಸಿಗ್ನಲ್ ಕಿತ್ತುಹಾಕಲು ಮಾರ್ಗದವರಿಗೆ ಧೈರ್ಯವಿಲ್ಲ. ಹೀಗಾಗಿ ಅನೇಕ ಕಡೆ ಹಳತು, ಹೊಸತು ಎರಡರ ನಿರ್ವಹಣಾ ವೆಚ್ಚವೂ ಏಕಕಾಲಕ್ಕೆ ಬೀಳುತ್ತಿದೆ.

ಈ ಗೋಜಲನ್ನು ಒಂದೇ ಏಟಿಗೆ ಕಡಿಯಲು ಹೊರಟದ್ದು ಡೆನ್ಮಾರ್ಕ್. ರಾಜಧಾನಿಯ ಉಪನಗರ ಮಾರ್ಗಗಳನ್ನು ಬಿಟ್ಟು ಉಳಿದ ಮುಖ್ಯ ಜಾಲಕ್ಕೆಲ್ಲ ಇಟಿಸಿಎಸ್ ಅಳವಡಿಸುವ ದಿಟ್ಟ ನಿರ್ಧಾರ ಅದರದು. ಹಳಿಯ ಕೆಲಸಕ್ಕಿಂತ ಕಠಿಣವೆನಿಸಿದ್ದು ಹಳೆಯ ರೈಲುಗಳೊಳಗೆ ಹೊಸ ಉಪಕರಣ ಕೂರಿಸುವ ಕೆಲಸ. 2021ರ ಗಡುವನ್ನು 2017ರಲ್ಲಿ 2030ಕ್ಕೆ ಮುಂದೂಡಲಾಯಿತು. ಪುಟ್ಟ ಲಕ್ಸೆಂಬರ್ಗ್ ತನ್ನ ಇಡೀ ಜಾಲವನ್ನು ಸಜ್ಜುಗೊಳಿಸಿದೆ. ಬೆಲ್ಜಿಯಂ ಚುರುಕಾದದ್ದು 2010ರಲ್ಲಿ ಬ್ಯೂಜಿಂಗನ್ ಅಪಘಾತ 19 ಜೀವಗಳನ್ನು ಬಲಿ ಪಡೆದ ಬಳಿಕ.

ಇಷ್ಟರಲ್ಲೇ ಇನ್ನೊಂದು ಬಿಲ್ಲೂ ಸಿದ್ಧವಾಗುತ್ತಿದೆ. ಇಟಿಸಿಎಸ್ ನೆಚ್ಚಿಕೊಂಡಿರುವ 'ಜಿಎಸ್ಎಂ-ಆರ್' ರೇಡಿಯೊ ಎರಡನೇ ಪೀಳಿಗೆಯ ಮೊಬೈಲ್ ತಂತ್ರಜ್ಞಾನ; ಅದರ ಆಯುಷ್ಯ ತೀರುತ್ತಾ ಬಂದಿದೆ. ಉತ್ತರಾಧಿಕಾರಿಯಾದ 5ಜಿ ಆಧಾರಿತ 'ಎಫ್ಆರ್‌ಎಂಸಿಎಸ್' ಬಂದಾಗ, ಈಗಾಗಲೇ ಹಣ ಹಾಕಿದವರೂ ರೈಲುಗಳನ್ನು ಮತ್ತೊಮ್ಮೆ ಕಾರ್ಯಾಗಾರಕ್ಕೆ ಕಳುಹಿಸಬೇಕಾಗುತ್ತದೆ.