ಕುಪ್ಪಸದ ಮರೆಯ ಚಿಂತೆ

ಕೊಪ್ಪಳದ ಸೀಮೆಯಲ್ಲಿ ಸೀಮಂತಕ್ಕೆ ‘ಕುಬುಸ’ವೆಂದೇ ಹೆಸರು. ಬಸುರಿಗೆ ಹಸಿರು ಸೀರೆಯುಡಿಸಿ, ಹೊಸ ಕುಪ್ಪಸ ತೊಡಿಸಿ, ಮುತ್ತೈದೆಯರು ಕೂಡಿ ಆರತಿ ಬೆಳಗುತ್ತಾರೆ. ಹೆಣ್ಣಿನ ಮೈ ಬದಲಾಗುವುದನ್ನು ಬಂಧುಬಳಗವೆಲ್ಲ ಹೀಗೆ ಹಾಡಿ ಹರಸುತ್ತದೆ. ಆದರೆ ಎರಡು ಮೂರು ಹೆರಿಗೆಗಳಾದ ಬಳಿಕ ಅದೇ ಮೈಯಲ್ಲಿ ಕಾಣಿಸಿಕೊಳ್ಳುವ ಇನ್ನೊಂದು ಬದಲಾವಣೆಯ ಮಾತನ್ನು ಯಾರೂ ಎತ್ತುವುದಿಲ್ಲ. ಎದೆಕಟ್ಟು ಸಡಿಲಿ ಸ್ತನಗಳು ಜೋತುಬಿದ್ದುದಕ್ಕಾಗಿ ಎಷ್ಟೋ ಮಂದಿ ಗೃಹಿಣಿಯರು ಒಳಗೊಳಗೇ ಕೊರಗುತ್ತಾರೆ. ಕೆಲವರು ಜಾಹೀರಾತು ನೋಡಿ, ಮನೆಯವರಿಗೂ ಹೇಳದೆ, ಶಸ್ತ್ರಕ್ರಿಯೆಯ ಯೋಚನೆ ಮಾಡುತ್ತಾರೆ. ಈ ಗುಟ್ಟೇ ಅಪಾಯದ ಮೂಲ.

ಸ್ತನದಲ್ಲಿ ಇರುವುದು ಹಾಲಿನ ಗ್ರಂಥಿ, ಕೊಬ್ಬು, ಅವುಗಳನ್ನು ಎತ್ತಿ ಹಿಡಿಯುವ ತೆಳುವಾದ ತಂತುಗಳು ಮತ್ತು ಮೇಲಿನ ಚರ್ಮ. ಅದನ್ನು ಬಿಗಿಯಾಗಿಡುವ ಸ್ನಾಯು ಅದರೊಳಗಿಲ್ಲ. ಆದುದರಿಂದ ತೈಲ, ಲೇಪ, ಮಾಲೀಸುಗಳಿಂದ ಒಮ್ಮೆ ಹಿಗ್ಗಿದ ಚರ್ಮ ಮೊದಲಿನಂತಾಗದು. ವ್ಯಾಯಾಮದಿಂದ ಸ್ತನದ ಹಿಂದಿರುವ ಎದೆಯ ಸ್ನಾಯು ಬಲಗೊಂಡೀತು, ಅಷ್ಟೆ. ಮಗುವಿಗೆ ಹಾಲೂಡಿದ್ದರಿಂದಲೇ ಹೀಗಾಯಿತೆಂದು ಹಲವರು ನಂಬಿದ್ದಾರೆ. ಅಮೆರಿಕದ ಕೆಂಟಕಿಯ ವೈದ್ಯ ರಿಂಕರ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲ್ಲಗಳೆಯಿತು. ವಯಸ್ಸು, ಮೈತೂಕ, ಗರ್ಭ ಧರಿಸಿದ ಸಲಗಳು, ಧೂಮಪಾನ ಇವೇ ಕಾರಣಗಳಾಗಿ ಕಂಡುಬಂದವು. ಹಾಲೂಡಿಸಿದ್ದು ಕಾರಣವೆಂದು ತೋರಲಿಲ್ಲ. ಎದೆಕಟ್ಟಿನ ಭಯದಿಂದ ಕೂಸಿಗೆ ಸೀಸೆಹಾಲು ಹಿಡಿಸುವ ತಾಯಿ ಸುಮ್ಮನೆ ಕೂಸನ್ನು ವಂಚಿಸಿದಂತೆ.

ಇನ್ನು ಶಸ್ತ್ರಕ್ರಿಯೆಯ ವಿಚಾರ. ಸಡಿಲವಾದ ಕುಪ್ಪಸವನ್ನು ದರ್ಜಿ ಹಿಡಿದು ಹೊಲಿಯುವಂತೆ ವೈದ್ಯರು ಹೆಚ್ಚಿನ ಚರ್ಮವನ್ನು ಕತ್ತರಿಸಿ ತೆಗೆದು, ಒಳಗಿನ ಗ್ರಂಥಿಗೆ ಆಕಾರ ಕೊಟ್ಟು, ಮೊಲೆತೊಟ್ಟನ್ನು ಅದರ ನರ ಮತ್ತು ರಕ್ತನಾಳಗಳ ಸಮೇತ ಮೇಲಕ್ಕೆ ಕೂರಿಸುತ್ತಾರೆ. ರೋಗಿ ನಿಂತಿರುವಾಗಲೇ ಮೈಮೇಲೆ ಗುರುತು ಹಾಕಿಕೊಳ್ಳುವುದು ಕ್ರಮ. ಮಲಗಿದರೆ ಜೋತುಬಿದ್ದುದರ ಅಳತೆ ಸಿಕ್ಕದು. ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಕೊಟ್ಟು, ಎರಡು ಮೂರು ಗಂಟೆಗಳಲ್ಲಿ ಕೆಲಸ ಮುಗಿಸುತ್ತಾರೆ. ಇದರಿಂದ ಸ್ತನ ದೊಡ್ಡದಾಗುವುದಿಲ್ಲವೆಂಬುದನ್ನು ಮೊದಲೇ ತಿಳಿದಿರಬೇಕು.

ದರ್ಜಿಯ ಹೊಲಿಗೆ ಒಳಗೆ ಅಡಗುತ್ತದೆ. ವೈದ್ಯರ ಹೊಲಿಗೆ ಮೈಮೇಲೆ ಉಳಿಯುತ್ತದೆ. ಇಳಿತ ಸ್ವಲ್ಪವಿದ್ದರೆ ತೊಟ್ಟಿನ ಸುತ್ತಣ ಕಪ್ಪು ವಲಯದ ಅಂಚಿನಲ್ಲಿ ಮಾತ್ರ ಕಲೆ. ಹೆಚ್ಚಾಗಿದ್ದರೆ ಅಲ್ಲಿಂದ ಕೆಳಕ್ಕೊಂದು ಗೆರೆ, ತೀರ ಹೆಚ್ಚಾಗಿದ್ದರೆ ಸ್ತನದ ಬುಡದಲ್ಲಿ ಅಡ್ಡಗೆರೆ. ಇವು ಮಾಸಲು ವರುಷವೋ ಅದಕ್ಕಿಂತ ಹೆಚ್ಚೋ ಹಿಡಿದೀತು. ನಮ್ಮ ಕಂದು ಮೈಬಣ್ಣದವರಲ್ಲಿ ಗಾಯದ ಕಲೆ ಉಬ್ಬಿ ಗಂಟುಕಟ್ಟುವ ಸಂಭವ ಬಿಳಿಯರಿಗಿಂತ ಹೆಚ್ಚು. ಹಿಂದಿನ ಗಾಯವೇನಾದರೂ ಹಾಗೆ ಉಬ್ಬಿದ್ದರೆ ವೈದ್ಯರಿಗೆ ಮುಚ್ಚಿಡಬಾರದು. ರಕ್ತಸ್ರಾವ, ಕೀವು, ಎರಡು ಸ್ತನಗಳ ಆಕಾರದಲ್ಲಿ ವ್ಯತ್ಯಾಸ, ತೊಟ್ಟಿನ ಸ್ಪರ್ಶಜ್ಞಾನ ಕುಂದುವುದು, ಮುಂದೆ ಹಾಲೂಡಿಸಲು ತೊಡಕು ಇವೂ ಉಂಟು. ಅಪರೂಪಕ್ಕೆ ರಕ್ತ ಸಾಲದೆ ತೊಟ್ಟಿನ ಭಾಗವೇ ಸತ್ತುಹೋಗಬಹುದು. ಬೀಡಿ-ಸಿಗರೇಟಷ್ಟೇ ಅಲ್ಲ, ಎಲೆಯಡಿಕೆಯೊಡನೆ ಮೆಲ್ಲುವ ತಂಬಾಕೂ ರಕ್ತನಾಳಗಳನ್ನು ಕುಗ್ಗಿಸುವುದರಿಂದ ವಾರಗಳ ಮುಂಚೆಯೇ ಅದನ್ನು ಬಿಡಬೇಕು. ಇನ್ನೂ ಮಕ್ಕಳು ಬೇಕೆನ್ನುವವರು ಕಾಯುವುದೇ ಲೇಸು. ಮತ್ತೊಂದು ಬಸುರಿನಲ್ಲಿ ಮಾಡಿದ್ದೆಲ್ಲ ಮತ್ತೆ ಸಡಿಲಾದೀತು.

ಸ್ತನದಲ್ಲಿ ಗಂಟು ಕಂಡರೆ, ತೊಟ್ಟು ಒಳಕ್ಕೆ ಸೆಳೆದರೆ ಅಥವಾ ರಕ್ತ ಒಸರಿದರೆ ಅಂದದ ಮಾತು ಆಮೇಲಿನದು. ಮೊದಲು ಕ್ಯಾನ್ಸರಿನ ಪರೀಕ್ಷೆಯಾಗಬೇಕು. ನಾಚಿಕೆಯಿಂದ ತಡಮಾಡಿ ಕಡೆಯ ಹಂತದಲ್ಲಿ ಆಸ್ಪತ್ರೆಗೆ ಬರುವವರು ನಮ್ಮಲ್ಲಿ ಕಡಿಮೆಯಿಲ್ಲ.

2022ರ ಮೇ ತಿಂಗಳಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಬೆಂಗಳೂರಿನಲ್ಲಿ ಕೊಬ್ಬು ಕರಗಿಸುವ ಶಸ್ತ್ರಚಿಕಿತ್ಸೆಯ ಬಳಿಕ ಅಸುನೀಗಿದರು. ಹೆತ್ತವರಿಗೆ ಮೊದಲೇ ತಿಳಿದಿರಲಿಲ್ಲವೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ಆ ಚಿಕಿತ್ಸೆ ಬೇರೆ, ಇದು ಬೇರೆ. ಆದರೂ ಅಂದಕ್ಕಾಗಿ ಮಾಡುವುದೆಂದ ಮಾತ್ರಕ್ಕೆ ಅರಿವಳಿಕೆಯೂ ಕತ್ತಿಯೂ ಸೌಮ್ಯವಾಗುವುದಿಲ್ಲ. ವೈದ್ಯರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿ.ಎಚ್. ಅಥವಾ ಡಿ.ಎನ್.ಬಿ. ಪಡೆದವರೇ, ಆಸ್ಪತ್ರೆ ನೋಂದಾಯಿತವೇ, ರಾತ್ರಿ ಉಸಿರಾಟಕ್ಕೆ ತೊಂದರೆಯಾದರೆ ನೋಡಿಕೊಳ್ಳುವ ವ್ಯವಸ್ಥೆ ಇದೆಯೇ ಎಂದು ಕೇಳುವುದು ಅವಿನಯವಲ್ಲ. ಖರ್ಚೂ ಕೈಯಿಂದಲೇ; ಕೇವಲ ಅಂದದ ಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಒದಗದು.

ಕೊಪ್ಪಳ ಜಿಲ್ಲೆಯ ತಳಕಲ್ ಇಂದು ರೈಲು ಕೂಡುದಾರಿ. 2025ರ ಮೇ ತಿಂಗಳಲ್ಲಿ ಅಲ್ಲಿಂದ ಕುಷ್ಟಗಿಯತ್ತ ಹೊಸ ಹಳಿಯ ಮೇಲೆ ಪ್ರಯಾಣಿಕರ ರೈಲು ಓಡತೊಡಗಿತು. ಗದಗಿನ ಮೇಲೆ ಹಾಯ್ದು ಹುಬ್ಬಳ್ಳಿಯ ತಜ್ಞರನ್ನು ಕಂಡುಬರುವುದು ಅಲ್ಲಿಯ ಹೆಣ್ಣುಮಗಳಿಗೆ ಕಷ್ಟವೇನಲ್ಲ. ಕಷ್ಟವಿರುವುದು ಮನೆಗೆ ಮರಳಿದ ಮೇಲೆ. ಮೊದಲ ಕೆಲವು ದಿನ ನೋವು, ವಾರಗಟ್ಟಲೆ ಬಾವು. ಹಗಲಿರುಳೂ ಆಧಾರದ ಬ್ರಾ ತೊಟ್ಟು ಅಂಗಾತ ಮಲಗಬೇಕು. ನಾಲ್ಕಾರು ವಾರ ತುಂಬಿದ ಕೊಡ ಎತ್ತುವಂತಿಲ್ಲ, ಜೋಳದ ರೊಟ್ಟಿ ಬಡಿಯುವಂತಿಲ್ಲ, ಅಳುವ ಮಗುವನ್ನು ಎತ್ತಿಕೊಳ್ಳುವಂತೆಯೂ ಇಲ್ಲ. ಗಾಯ ತೋರಿಸಲು ಮತ್ತೆ ಮತ್ತೆ ಹುಬ್ಬಳ್ಳಿಯ ರೈಲು ಹತ್ತಬೇಕು. ಅಷ್ಟು ದಿನವೂ ಒಲೆಯ ಮುಂದೆ ಅತ್ತೆಯೋ ತಾಯಿಯೋ ಕೂರಬೇಕು. ಮಗುವನ್ನು ಎತ್ತಿಕೊಂಡು ರೈಲಿನಲ್ಲಿ ಗಂಡ ಜೊತೆಗೆ ಹೋಗಬೇಕು.